ಹದಿನೈದು ಮಾರು ಹಗ್ಗ

ನೀರು ಮೂರು ಮಾರು, ಹಗ್ಗ ಹದಿನೈದು.
ಆಳ ಒಂದಾದರೆ ಉದ್ದ ಐದು, ಅದೇ ಲೆಕ್ಕ ಅಂತಾನೆ ಯೇಸುಪಾದಂ.
ಚಿನ್ನದ ಗಣಿಯ ವೈಂಡಿಂಗ್ ಎಂಜಿನ್ನಿನ ಮುಂದೆ ಇಪ್ಪತ್ತಾರು ವರ್ಷ ಕೂತು
ಜನರನ್ನು ನೆಟ್ಟಗೆ ಇಳಿಸಿ ನೆಟ್ಟಗೆ ಎತ್ತಿದವನು,
ಅಂಗುಲ ಸಡಿಲಕ್ಕೂ ಬೈಗುಳ ತಿಂದವನು,
ಈಗ ಬೇತಮಂಗಲದ ಕೆರೆಯ ನಡುವೆ
ಮೂತಿಯ ಹಲಗೆಯ ಮೇಲೆ ಮಂಡಿಯೂರಿ
ಸಡಿಲ ಬಿಡುವುದನ್ನು ಕಲಿಯುತ್ತಿದ್ದಾನೆ.

"ನೆಟ್ಟಗೆ ನಿಂತ ಹಗ್ಗ ಲಂಗರು ಕೀಳುತ್ತೆ, ಲೂರ್ದು.
ಮಲಗಿದ ಹಗ್ಗ ಹಿಡಿಯುತ್ತೆ."
ಈರುಳ್ಳಿ ಹೆಚ್ಚುತ್ತಾ ಹೂಂ ಅಂದೆ.

ಹರಾಜಿನಲ್ಲಿ ಹಿಡಿದ ಹದಿನೆಂಟಡಿ ದೋಣಿ.
ಲಾರಿ ಟಾರ್ಪಾಲಿನ ಹಾಯಿ, ಹೊಲಿಗೆ ನನ್ನದು.
ಒಂದು ಸೀಮೆಎಣ್ಣೆ ಒಲೆ, ಒಂದು ಸೊಳ್ಳೆಪರದೆ,
ಸುತ್ತ ಇಷ್ಟೊಂದು ನೀರಿದ್ದೂ
ಕುಡಿಯುವುದಕ್ಕೆ ಬೇರೆ ಎರಡು ಬಿಂದಿಗೆ.
ಸೋಮವಾರ ತೂಬಿನ ಹತ್ತಿರ, ಬುಧವಾರ ಕೋಡಿಯ ಕಡೆ.
ರೇಷನ್ ಅಂಗಡಿಯವನು ವಿಳಾಸ ಕೇಳಿದರೆ
ಗಾಳಿ ಎತ್ತಲಿಂದ ಅಂತ ನೋಡಿಕೊಂಡು ಹೇಳಬೇಕು.

ಮೊದಲ ಲಂಗರು ನನ್ನ ಒರಳಿನ ಗುಂಡು.
ಹೂಳಿನ ಮೇಲೆ ಅದು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿ
ಬೆಳಿಗ್ಗೆ ಎದ್ದರೆ ಜೊಂಡಿನೊಳಗೆ ಮೂತಿ ತೂರಿಸಿ ನಿಂತಿದ್ದೆವು,
ಒಂದು ನೀರುಕೋಳಿ ನಮ್ಮನ್ನೇ ನೋಡುತ್ತಿತ್ತು.

ಆಮೇಲೆ ಪಾತಾಳಗರಡಿ.
ಬಿದ್ದ ಕೊಡ ಹುಡುಕುವ ಹಳೆಯ ಚಾಳಿ ಬಿಡಲಿಲ್ಲ ಅದು:
ಮೀನು ಗುತ್ತಿಗೆಯವನ ಬಲೆ ಹಿಡಿಯಿತು,
ಮುಳುಗಿದ ಜಾಲಿಯ ಬುಡ ಹಿಡಿಯಿತು,
ಒಂದು ಸಲ ಯಾರದೋ ಸೈಕಲ್ಲು, ಬೆಲ್ಲಿನ ಸಮೇತ.
ದೋಣಿಯೊಂದನ್ನು ಬಿಟ್ಟು.

ಮೂರನೆಯದು ಕುಲುಮೆಯ ವೀರಭದ್ರಾಚಾರಿಯ ಕೈಯದು.
ನೇಗಿಲ ಗುಳವನ್ನೇ ಬಗ್ಗಿಸಿ ದಂಡ ಕೂರಿಸಿ
ಹತ್ತಡಿ ಸರಪಳಿ ಕಟ್ಟಿಕೊಟ್ಟ.
"ಉಳುತ್ತಾ ಮುಂದೆ ಹೋಗೋಕೆ ಇರೋ ಕಬ್ಬಿಣ ಕಣಯ್ಯಾ,
ಹೋಗಬೇಡ ಅಂದ್ರೆ ಕೇಳುತ್ತಾ?"

ಕೇಳಿತು. ಹನ್ನೊಂದು ರಾತ್ರಿ ಕೇಳಿತು.

ರಾತ್ರಿಯ ಗುರುತು ಎರಡು:
ಪಂಪ್‌ಹೌಸಿನ ಬಲ್ಬು, ಅದರ ನೆತ್ತಿಯ ಮೇಲೆ ಟವರಿನ ಕೆಂಪು ದೀಪ.
ಒಂದರ ಮೇಲೊಂದು ಕೂತಿದ್ದರೆ ನಾವು ಇದ್ದಲ್ಲೇ ಇದ್ದೇವೆ.
ಅವನು ಹಗ್ಗದ ಮೇಲೆ ಅಂಗಾಲು ಇಟ್ಟು ಮಲಗುತ್ತಾನೆ.
ನಿದ್ದೆಯಲ್ಲಿ ಗಣಿಯ ಗಂಟೆ ಎಣಿಸುತ್ತಾನೆ:
ಒಂದಕ್ಕೆ ನಿಲ್ಲು, ಎರಡಕ್ಕೆ ಇಳಿಸು,
ಮೂರಾದರೆ
ಒಳಗೆ ಜನ ಇದ್ದಾರೆ, ನಿಧಾನ ಎತ್ತು.

ಹನ್ನೆರಡನೆಯ ರಾತ್ರಿ ಮದ್ರಾಸ್ ಕಡೆಯ ತೂಫಾನಿನ ಬಾಲ
ನಮ್ಮ ಕೆರೆಗೂ ಬಡಿಯಿತು.
ಕೆಂಪು ದೀಪ ಬಲ್ಬಿನಿಂದ ಕೆಳಗಿಳಿದ ಹಾಗೆ ಪಕ್ಕಕ್ಕೆ ಸರಿಯಿತು,
ಒಂದು ಗೇಣು, ಒಂದು ಮೊಳ.
ಅಂಗಾಲಿನ ಕೆಳಗೆ ಹಗ್ಗ ಗರಗರ ಅಂದಿತು.
ಕಬ್ಬಿಣಕ್ಕೆ ನೆನಪು ಬಂದಿತ್ತು. ಕೆರೆಯನ್ನು ಉಳುತ್ತಿತ್ತು.
ಹಿಂದೆ ಏರಿಯ ಕಲ್ಲು, ಕತ್ತಲಲ್ಲಿ ಅಲೆ ಅಲ್ಲಿ ಒಡೆಯುವ ಸದ್ದು ಮಾತ್ರ.
ಪಾತ್ರೆಗಳು ಒಂದಕ್ಕೊಂದು ಬೈದುಕೊಂಡವು.
ಬಿಡಲು ಇನ್ನು ಹಗ್ಗವೂ ಇಲ್ಲ.
ನಾನು ಜಪಮಾಲೆ ಹುಡುಕಿದೆ, ಕೈಗೆ ಸಿಕ್ಕಿದ್ದು ಸೌಟು.

ಆಗ ಧಡಕ್ಕನೆ ನಿಂತೆವು.

ಬೆಳಗಾದಾಗ ನೋಡಿದರೆ ಹಗ್ಗ ನೆಟ್ಟಗೆ.
ಮೂತಿಯ ಅಡಿಗೆ ತೂಗುಗುಂಡು ಬಿಟ್ಟ ಹಾಗೆ,
ಮೂರು ಮಾರಿನ ನೀರಿನಲ್ಲಿ ಹನ್ನೊಂದು ಮಾರು ಕೆಳಗೆ.
ಯೇಸುಪಾದಂ ಎರಡು ಸಲ ಅಳೆದ.
ಅವನ ಮುಖದಲ್ಲಿ
ಬಹಳ ವರ್ಷದ ಮೇಲೆ ಮನೆಯ ಓಣಿ ಗುರುತು ಹಿಡಿದವನ ಕಳೆ.

ತೆಪ್ಪದಲ್ಲಿ ಬಂದ ಮೀನಿನ ನಾರಾಯಣಪ್ಪ ಹುಟ್ಟು ನಿಲ್ಲಿಸಿ ಬಗ್ಗಿ ನೋಡಿದ.
"ಅದು ನಮ್ಮಪ್ಪ ತೋಡಿದ ಬಾವಿ.
ಕೆರೆ ಒಣಗಿದ್ದ ಕಾಲ, ಅಂಗಳದಲ್ಲೇ ತೋಡಿದ್ದು.
ಎಂಟು ಮಾರು ಹೋದ್ರೂ
ಒಂದು ಹನಿ ನೀರು ಬೀಳಲಿಲ್ಲ ನೋಡಿ."
ಹೇಳಿ, ಮೂರು ಜಿಲೇಬಿ ಮೀನು ಕೊಟ್ಟು ಹೋದ.

ಇವನು ಹಗ್ಗ ಹಿಡಿದವನು ಹಿಡಿದೇ ಕೂತಿದ್ದಾನೆ.
ಎತ್ತುವುದಿಲ್ಲ. ಕೊಯ್ಯುವುದಿಲ್ಲ.
ಕೆಳಗಿನಿಂದ ಗಂಟೆ ಬರಲಿ ಅಂತ ಕಿವಿ ಕೊಟ್ಟ ಹಾಗೆ.
ಒಲೆಯ ಮೇಲೆ ನೀರು ಕುದಿಯುತ್ತಿದೆ.
ಸ್ವಲ್ಪ ಹೊತ್ತು ನೋಡಿ
ನಾನೇ ಸೌಟು ತೆಗೆದುಕೊಂಡು ಬಿಂದಿಗೆಗೆ
ಮೂರು ಸಲ ಹೊಡೆದೆ.